ಆಪರೇಷನ್ನಿಗೆ ಮೊದಲು ಕೀಮೋ: ಇಪ್ಪತ್ತೊಂದು ದಿನದ ಲೆಕ್ಕ



ತೆಂಗಿನ ಗೊಬ್ಬರ, ಕೊಬ್ಬರಿ ಧಾರಣೆಯ ಮಾತನ್ನು ಬದಿಗಿಟ್ಟು ಈ ದಿನ ಆಸ್ಪತ್ರೆಯ ಮಾತನ್ನು ಆಡುತ್ತೇನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಹೀಗೊಂದು ಮಾತು ಕಿವಿಗೆ ಬೀಳುತ್ತದೆ: "ಸ್ವಾಮಿ, ನಮ್ಮನೆಯವಳಿಗೆ ಬೆಂಗಳೂರಲ್ಲಿ ಕೀಮೋ ಕೊಡ್ತಾವ್ರೆ. ಅವಳ ಸುಸ್ತು ನೋಡಕ್ಕಾಗಲ್ಲ. ನಿಲ್ಲಿಸಿಬಿಡಾಣ ಅಂತಿದ್ದೀವಿ."

ದಯಮಾಡಿ ನೀವಾಗಿಯೇ ನಿಲ್ಲಿಸಬೇಡಿ. ಯಾಕೆ ಅಂತ ಹೇಳುತ್ತೇನೆ, ಕೇಳಿ.

"ಮೊದಲು ಗಡ್ಡೆ ಕೊಯ್ದು ತೆಗೆದುಬಿಡಬಾರದೆ?" ಎಂದು ಕೇಳುವವರುಂಟು. ಸ್ತನ, ಅಂಡಾಶಯ, ಜಠರ ಮುಂತಾದ ಕ್ಯಾನ್ಸರುಗಳಲ್ಲಿ ಕೆಲವು ರೋಗಿಗಳಿಗೆ ಡಾಕ್ಟರು ಮೊದಲು ಕೀಮೋ ಕೊಟ್ಟು ಗಡ್ಡೆಯನ್ನು ಕುಗ್ಗಿಸುತ್ತಾರೆ. ಕುಗ್ಗಿದ ಗಡ್ಡೆಯನ್ನು ಪೂರ್ತಿ ತೆಗೆಯುವುದು ಸುಲಭ. ಎಷ್ಟೋ ಸಲ ಸ್ತನವನ್ನೇ ಉಳಿಸಿಕೊಳ್ಳಬಹುದು. ತೆಂಗಿನ ಬೇರಿಗೆ ಉಣಿಸಿದ ಔಷಧಿ ಮರದ ಮೇಲಕ್ಕೆಲ್ಲ ಏರುತ್ತದಲ್ಲವೆ? ಹಾಗೆಯೇ ರಕ್ತಕ್ಕೆ ಬಿಟ್ಟ ಈ ಔಷಧಿ ಮೈಯೆಲ್ಲ ಸುತ್ತಿ, ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಆಗ ಕೂದಲಿನ ಬುಡ, ಬಾಯಿಯ ಒಳಪೊರೆ, ಕರುಳು, ರಕ್ತ ತಯಾರಾಗುವ ಎಲುಬಿನ ಮಜ್ಜೆ, ಇವಕ್ಕೂ ಪೆಟ್ಟು ಬೀಳುತ್ತದೆ. ಆದರೆ ಇವು ಮತ್ತೆ ಚೇತರಿಸಿಕೊಳ್ಳುತ್ತವೆ. ಅದಕ್ಕಾಗಿಯೇ ಎರಡು ಸುತ್ತಿನ ನಡುವೆ ಬಿಡುವು. ಅನೇಕ ಔಷಧಿಗಳಿಗೆ ಈ ಬಿಡುವು 21 ದಿನ. ವಾರಕ್ಕೊಮ್ಮೆ ಕೊಡುವುದೂ ಉಂಟು. ನಿಮ್ಮ ಲೆಕ್ಕ ಯಾವುದೆಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. 21 ದಿನದ್ದಾದರೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ.

ಮೊದಲ ವಾರ ವಾಕರಿಕೆ ಮತ್ತು ಸುಸ್ತು ಹೆಚ್ಚು. ವಾಂತಿ ತಡೆಯುವ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ನುಂಗಬೇಕು. ಮೂರು ಹೊತ್ತು ತಟ್ಟೆ ತುಂಬ ಬಡಿಸುವ ಬದಲು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ರಾಗಿ ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆ ತೊವ್ವೆ, ಚೆನ್ನಾಗಿ ಬೇಯಿಸಿದ ಮೊಟ್ಟೆ ಒಳ್ಳೆಯದು. ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವುದುಂಟು. ಅಡಿಗೆಮನೆಯಿಂದ ಅವರನ್ನು ದೂರ ಕೂರಿಸಿ. ಆಗತಾನೆ ಕೆತ್ತಿದ ಎಳನೀರು ಕೊಡಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಕೇಳಿಯೇ ಕುಡಿಯಬೇಕು. ಕೀಮೋ ಆದ ಎರಡು ದಿನ ವಾಂತಿ, ಮೂತ್ರದಲ್ಲಿ ಔಷಧಿಯ ಅಂಶ ಇರುತ್ತದೆ. ಅದನ್ನು ತೊಳೆಯುವವರು ರಬ್ಬರ್ ಕೈಗವಸು ಹಾಕಿಕೊಳ್ಳಲಿ.

ಎರಡನೆಯ ವಾರ ಎಚ್ಚರದ ವಾರ. ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರೋಗದ ಅಣುಗಳ ವಿರುದ್ಧ ಕಾವಲು ಕಾಯುವ ಬಿಳಿ ರಕ್ತಕಣಗಳು ತೀರ ಇಳಿಯುತ್ತವೆ. ಆ ದಿನಗಳಲ್ಲಿ ಸಂತೆ, ಜಾತ್ರೆ, ಮದುವೆಮನೆ ಬೇಡ. ಅಟ್ಟದ ಕೊಬ್ಬರಿ ಸುಲಿಯುವ ಧೂಳು, ಬೂಷ್ಟು ಹಿಡಿದ ಕಾಯಿ, ಕೊಟ್ಟಿಗೆ, ತಿಪ್ಪೆಗುಂಡಿ ಇವುಗಳ ಹತ್ತಿರ ಹೋಗಬಾರದು. ಬೆರಳು ಜೋಮು ಹಿಡಿದಿದ್ದರೆ ಮಚ್ಚು, ಈಳಿಗೆಮಣೆ ಮುಟ್ಟದಿರಲಿ, ಬರಿಗಾಲಲ್ಲಿ ಓಡಾಡದಿರಲಿ. ಬಾಯಿ ಹುಣ್ಣಾದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಅಡಿಗೆ ಸೋಡ, ಒಂದು ಚಿಟಿಕೆ ಉಪ್ಪು ಬೆರೆಸಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ ಉಗಿಯಲಿ.

ಈಗ ಹೇಳುವುದನ್ನು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಜ್ವರ ನೋಡುವ ಕಡ್ಡಿ ಇರಲೇಬೇಕು. 100.4 ಡಿಗ್ರಿ ಮುಟ್ಟಿತೋ, ಚಳಿ ನಡುಕ ಬಂತೋ, ಅದು ಬರಿಯ ಜ್ವರವಲ್ಲ. ಮಾತ್ರೆ ನುಂಗಿಸಿ ಮಲಗಿಸಬೇಡಿ, ಬೆಳಗಿನ ಬಸ್ಸಿಗೆ ಕಾಯಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಯವರು ಕೊಟ್ಟ ನಂಬರಿಗೆ ಫೋನು ಮಾಡಿ. 108 ಕರೆದು ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, "ಕೀಮೋ ಆಗಿ ಇಷ್ಟು ದಿನ ಆಯ್ತು" ಎಂದು ಮೊದಲು ಹೇಳಿ. ಒಂದು ರಾತ್ರಿಯ ತಡ ಪ್ರಾಣಕ್ಕೇ ಬರಬಹುದು. ರಕ್ತ ಸೋರುವುದು, ಉಸಿರು ಕಟ್ಟುವುದು, ನೀರೂ ನಿಲ್ಲದಂಥ ವಾಂತಿ ಭೇದಿ, ಇವಕ್ಕೂ ಇದೇ ಮಾತು.

ಮೂರನೆಯ ವಾರ ಹಸಿವು, ಬಲ ತಿರುಗುತ್ತವೆ. ಆಗ ಬೇಳೆಕಾಳು, ಮೊಟ್ಟೆ, ಹಾಲು ಹೆಚ್ಚಿಸಿ. ತೋಟದಲ್ಲಿ ನಿಧಾನವಾಗಿ ನಡೆದಾಡಲಿ. ಉದುರಿದ ಕೂದಲಿಗೆ ಕೊರಗಬೇಕಿಲ್ಲ. ಕೀಮೋ ಮುಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಯಾರೋ ಹೇಳಿದ ನಾಟಿ ಕಷಾಯವನ್ನು ಡಾಕ್ಟರಿಗೆ ತಿಳಿಸದೆ ಕುಡಿಸಬೇಡಿ. ಕೆಲವು ಗಿಡಮೂಲಿಕೆಗಳು ಕೀಮೋ ಜೊತೆ ಸೇರಿ ಯಕೃತ್ತನ್ನು ಕೆಡಿಸುತ್ತವೆ.

ಇನ್ನು ಆಪರೇಷನ್ನಿನ ಮಾತು. ಎರಡು ಮೂರು ಸುತ್ತಾದ ಮೇಲೆ ಕೈಗೆ ಸಿಗುತ್ತಿದ್ದ ಗಂಟು ಸಿಗದೆಹೋಗಬಹುದು. "ಕರಗೋಯ್ತಲ್ಲ, ಇನ್ಯಾಕೆ ಕೊಯ್ಯಿಸೋದು?" ಎಂಬ ಆಸೆ ಅಲ್ಲೇ ಹುಟ್ಟುತ್ತದೆ. ಹುಲ್ಲು ಒಣಗಿದರೆ ಗೆಡ್ಡೆ ಸತ್ತಿತೆ? ಗರಿಕೆ ಕಿತ್ತ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಯ ಸುತ್ತು ಮುಗಿದು, ರಕ್ತಕಣಗಳು ಏರಿದ ಮೇಲೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಆಪರೇಷನ್ ಗೊತ್ತುಮಾಡುತ್ತಾರೆ. ಆ ತಾರೀಖನ್ನು ತಪ್ಪಿಸಬೇಡಿ. ಬೀಡಿ, ಹೊಗೆಸೊಪ್ಪು ಬಿಟ್ಟಿದ್ದರೆ ಗಾಯ ಬೇಗ ಮಾಯುತ್ತದೆ.

ಖರ್ಚಿನ ಚಿಂತೆಯೂ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಈ ರೋಗಕ್ಕೆಂದೇ ಕೆಲಸ ಮಾಡುತ್ತಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವುಂಟು. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಿದರೆ ರೋಗಿಗೂ ಜೊತೆಗಾರರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಸಿಗುತ್ತದೆ. ರಾಜ್ಯದ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ 2025ರಲ್ಲಿ ಹಗಲು ಕೀಮೋ ಕೇಂದ್ರಗಳು ಆರಂಭವಾಗಿವೆ. ನಿಮ್ಮ ಔಷಧಿ ಅಲ್ಲಿ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ.

ಕಡೆಯ ಮಾತು ಮನೆಯ ಯಜಮಾನರಿಗೆ. ಹಾಲು ಕರೆಯುವುದು, ನೀರು ಹೊರುವುದು, ಒಲೆ ಮುಂದೆ ನಿಲ್ಲುವುದು, ಈ ಕೆಲವು ತಿಂಗಳು ಇದೆಲ್ಲ ನಿಮ್ಮ ಪಾಲಿಗಿರಲಿ. ಮದ್ದಿನಷ್ಟೇ ಮುಖ್ಯವಾದದ್ದು ಆಕೆಗೆ ಸಿಗುವ ವಿಶ್ರಾಂತಿ. ಕ್ಯಾಲೆಂಡರು, ಜ್ವರದ ಕಡ್ಡಿ, ಆಸ್ಪತ್ರೆಯ ನಂಬರು, ಮೂರೂ ಒಂದೇ ಮೊಳೆಗೆ ತೂಗಿಬಿದ್ದಿರಲಿ.