ಗ್ಲುಕೋಮೀಟರ್ ಕೊಳ್ಳುವ ಮುನ್ನ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಬಾಗಲಕೋಟೆಯ ವ್ಯಾಪಾರಿ, ಇಳಕಲ್ಲಿನ ನೇಕಾರ, ಹುನಗುಂದ, ಬಾದಾಮಿ ಕಡೆಯ ರೈತ, ಯಾರೂ ಇದಕ್ಕೆ ಹೊರತಲ್ಲ. ಪ್ರತಿ ಸಲ ಲ್ಯಾಬಿಗೆ ಹೋದರೆ ಬಸ್ಸಿನ ಖರ್ಚಿನ ಜೊತೆಗೆ ಆ ದಿನದ ದುಡಿಮೆಯೂ ಹೋಗುತ್ತದೆ. ಆದ್ದರಿಂದ ಮನೆಯಲ್ಲೊಂದು ಗ್ಲುಕೋಮೀಟರ್ ಇರುವುದು ಒಳ್ಳೆಯದು.

ಆದರೆ ಅಂಗಡಿಯಲ್ಲಿ ನಾವು ಯಂತ್ರದ ಬೆಲೆ ಮಾತ್ರ ಕೇಳುತ್ತೇವೆ. ಯಂತ್ರವನ್ನು ಕೊಳ್ಳುವುದು ಒಮ್ಮೆ, ಸ್ಟ್ರಿಪ್ಪನ್ನು ಕೊಳ್ಳುವುದು ಜೀವನವಿಡೀ. ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರ ಯಂತ್ರಕ್ಕೆ ಹೊಂದುವುದಿಲ್ಲ. ವಾರಕ್ಕೆ 4 ಸಲ ನೋಡಿದರೆ ವರ್ಷಕ್ಕೆ 208 ಸ್ಟ್ರಿಪ್ ಬೇಕು. ಒಂದಕ್ಕೆ 10 ರೂಪಾಯಿಯಾದರೆ 2,080, 20 ರೂಪಾಯಿಯಾದರೆ 4,160 ರೂಪಾಯಿ. ಯಂತ್ರದಲ್ಲಿ 500 ರೂಪಾಯಿ ಉಳಿಸಿ ದುಬಾರಿ ಸ್ಟ್ರಿಪ್ಪಿಗೆ ಸಿಕ್ಕಿಬಿದ್ದರೆ, ಆ ಉಳಿತಾಯ ಮೂರೇ ತಿಂಗಳಲ್ಲಿ ಕರಗುತ್ತದೆ. ಜನೌಷಧಿ ಕೇಂದ್ರಗಳ ಪಟ್ಟಿಯಲ್ಲಿಯೂ ಗ್ಲುಕೋಮೀಟರ್ ಸೇರಿದೆ. ಅಲ್ಲಿಯೂ ವಿಚಾರಿಸಿ. ನಿಮ್ಮ ಊರಿನಲ್ಲೇ ಸ್ಟ್ರಿಪ್ ಸದಾ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅಗ್ಗವೆಂದು ನಿಖರತೆ ಬಿಡಬಾರದು. ಡಬ್ಬಿಯ ಮೇಲೆ ಐಎಸ್‌ಒ 15197:2013 ಎಂದು ಇದೆಯೇ ನೋಡಿ. 100 ಮತ್ತು ಅದಕ್ಕಿಂತ ಮೇಲಿನ ಫಲಿತಾಂಶಗಳಲ್ಲಿ ಕನಿಷ್ಠ ಶೇ. 95ರಷ್ಟು ಲ್ಯಾಬಿನ ಅಳತೆಗಿಂತ ಶೇ. 15ರೊಳಗಿನ ವ್ಯತ್ಯಾಸದಲ್ಲಿರಬೇಕೆಂದು ಆ ಮಾನದಂಡ ಹೇಳುತ್ತದೆ. ಹೀಗಾಗಿ 150 ಇದ್ದದ್ದು 165 ಎಂದು ಬಂದರೆ ಗಾಬರಿ ಬೇಡ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಮಾತ್ರ ಲ್ಯಾಬೇ ಬೇಕು.

ಸ್ಟ್ರಿಪ್ಪಿಗೆ ಬಿಸಿಲು, ತೇವ ಎರಡೂ ಆಗದು. ನಮ್ಮ ಬೇಸಿಗೆಯಲ್ಲಿ ಅದನ್ನು ಕಿಟಕಿಯಲ್ಲಾಗಲಿ ಬೈಕಿನ ಡಿಕ್ಕಿಯಲ್ಲಾಗಲಿ ಇಡಬೇಡಿ. ಮುಚ್ಚಳ ತೆರೆದ ಮೇಲೆ ಎಷ್ಟು ದಿನ ಬಾಳುತ್ತದೆಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಅಪರೂಪಕ್ಕೆ ಪರೀಕ್ಷಿಸುವವರು ಸಣ್ಣ ಡಬ್ಬಿ ಕೊಳ್ಳುವುದೇ ಲಾಭ. ಕೈ ತೊಳೆದು ಒರೆಸಿಕೊಂಡೇ ಬೆರಳು ಚುಚ್ಚಿ. ಮಾವಿನ ಹಣ್ಣು ತಿಂದ ಬೆರಳು ಇಲ್ಲದ ಸಕ್ಕರೆಯನ್ನೂ ತೋರಿಸುತ್ತದೆ! ಸೂಜಿ, ಸೂಜಿಪೆನ್ನು ಒಬ್ಬರದನ್ನು ಇನ್ನೊಬ್ಬರು ಬಳಸಕೂಡದು.

ಕೊನೆಯದಾಗಿ ರಂಜಾನ್ ವಿಷಯ. ಬೆರಳು ಚುಚ್ಚಿದರೆ ರೋಜಾ ಮುರಿಯುತ್ತದೆಂಬ ಭಯದಿಂದ ಅನೇಕರು ತಿಂಗಳಿಡೀ ಪರೀಕ್ಷಿಸುವುದಿಲ್ಲ. ಮುರಿಯುವುದಿಲ್ಲವೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ರಂಜಾನ್ ಮಾರ್ಗಸೂಚಿ ಸ್ಪಷ್ಟವಾಗಿ ತಿಳಿಸಿದೆ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ಮೀರಿದರೆ ಕೂಡಲೇ ರೋಜಾ ಬಿಡಬೇಕೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಉಪವಾಸ ಆರಂಭಕ್ಕೆ ಮೊದಲೇ ವೈದ್ಯರನ್ನು ಕಂಡು ಮಾತ್ರೆ, ಇನ್ಸುಲಿನ್ನಿನ ವೇಳೆ ಬದಲಿಸಿಕೊಳ್ಳಿ.

ವಿದ್ಯಾರ್ಥಿಗಳೇ, ಕಲಿತ ಅಕ್ಷರ ಮನೆಗೆ ಉಪಯೋಗವಾಗಲಿ. ಅಮ್ಮಿ, ಅಬ್ಬಾ, ದಾದಿಯವರ ಶುಗರನ್ನು ತಾರೀಖು, ವೇಳೆ ಸಹಿತ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ವೈದ್ಯರಿಗೆ ಆ ಪುಟವೇ ದಾರಿ ತೋರಿಸುತ್ತದೆ. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ.