ಎಂಟಡಿ ಬೇಲಿ, ಎಲ್ಲರ ಜಿಂಕೆ

(ದತ್ತಿ ಉಪನ್ಯಾಸದ ಲಿಖಿತ ರೂಪ)

ಅಮೆರಿಕದ ಟೆಕ್ಸಸ್ ರಾಜ್ಯದ ನಡುಭಾಗದಲ್ಲಿ ಸುಣ್ಣಕಲ್ಲಿನ ಗುಡ್ಡಗಳ ಸೀಮೆಯೊಂದಿದೆ. ಭೂಗೋಳದ ಪುಸ್ತಕದಲ್ಲಿ ಅದು ಎಡ್ವರ್ಡ್ಸ್ ಪ್ರಸ್ಥಭೂಮಿ. ಜನರ ಬಾಯಲ್ಲಿ ಹಿಲ್ ಕಂಟ್ರಿ. ಓಕ್ ಮತ್ತು ಜೂನಿಪರ್ ಮರಗಳ ನಡುವೆ ಹಾಯುವ ಅಲ್ಲಿನ ರಸ್ತೆಗಳ ಅಂಚಿನಲ್ಲಿ ಎರಡು ಬಗೆಯ ಬೇಲಿ ಕಾಣುತ್ತದೆ. ಒಂದು ಹಳೆಯದು. ದನ, ಕುರಿ, ಆಡುಗಳಿಗಾಗಿ ಹಾಕಿದ್ದು, ಎದೆಮಟ್ಟದ್ದು. ಬಿಳಿಬಾಲದ ಜಿಂಕೆ ಅದನ್ನು ಸಲೀಸಾಗಿ ಹಾರುತ್ತದೆ, ಇಲ್ಲವೆ ತಗ್ಗು ಸಿಕ್ಕ ಕಡೆ ಕೆಳಗೆ ನುಸುಳುತ್ತದೆ. ಇನ್ನೊಂದು 8 ಅಡಿ ಎತ್ತರದ್ದು. ಹೆಣೆದ ತಂತಿಬಲೆ, ಉಕ್ಕಿನ ಕಂಬಗಳು, ಮೂಲೆಗಳಲ್ಲಿ ಕಾಂಕ್ರೀಟ್ ಸುರಿದು ನಿಲ್ಲಿಸಿದ ದಪ್ಪ ಪೈಪುಗಳು. ಇಂಥ ಬೇಲಿ ಎದ್ದ ಸ್ವಲ್ಪ ಕಾಲದಲ್ಲೇ ಅದರ ಬುಡದಲ್ಲಿ ಹುಲ್ಲು ಸವೆದು ಕಾಲುಹಾದಿ ಮೂಡುತ್ತದೆ. ಅದುವರೆಗೆ ಆಚೀಚೆ ದಾಟುತ್ತಿದ್ದ ಜಿಂಕೆಗಳು ಕಂಡಿ ಹುಡುಕುತ್ತ ಹೋಗಿ ಬಂದು ತುಳಿದ ಹಾದಿ ಅದು. ಒಳಮಗ್ಗುಲಲ್ಲಿ ಒಂದು, ಹೊರಮಗ್ಗುಲಲ್ಲಿ ಒಂದು.

ಹೊರಮಗ್ಗುಲಿನ ಆ ಹಾದಿಯ ಪಕ್ಕದ ಜಮೀನಿನವನೇ ಈ ಉಪನ್ಯಾಸದ ವಿಷಯ. ಅವನಿಗೆ ನೂರೋ ಇನ್ನೂರೋ ಎಕರೆ ಇರಬಹುದು. ಅಥವಾ ಅವನು ಹೂಸ್ಟನ್‌ನಿಂದಲೋ ಸ್ಯಾನ್ ಆಂಟೋನಿಯೊದಿಂದಲೋ ಬಂದು, ವರ್ಷಕ್ಕಿಷ್ಟೆಂದು ಗುತ್ತಿಗೆ ಹಣ ಕಟ್ಟಿ ನವೆಂಬರಿನ ಹಂಗಾಮಿನಲ್ಲಿ ಜಿಂಕೆ ಬೇಟೆಯಾಡುವ ಸಂಬಳದಾರನಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಎಂದರೆ ಅಪರಾಧವೆಂದೇ ತಿಳಿದು ಬೆಳೆದ ಕನ್ನಡದ ಓದುಗರಿಗೆ ಬೇಟೆಗಾರನ ದೂರಿಗೆ ಕಿವಿಗೊಡಲು ಮನಸ್ಸು ಹಿಂಜರಿಯುವುದು ಸಹಜ. ಆದರೂ ಕಿವಿಗೊಡಬೇಕು. ಗಡಿಕಲ್ಲು ನೆಟ್ಟ ನೆಲದ ಮೇಲೆ ಗಡಿಯನ್ನೇ ಅರಿಯದ ಜೀವವೊಂದು ಓಡಾಡುವಾಗ ಅದು ಯಾರದು ಎಂಬ ಪ್ರಶ್ನೆ ಆ ದೂರಿನ ಬೆನ್ನಿಗಿದೆ.

ಟೆಕ್ಸಸ್‌ನಲ್ಲಿ ಶೇಕಡ 95ರಷ್ಟು ನೆಲ ಖಾಸಗಿಯವರದು. ನೆಲದ ಮೇಲಿನ ಕಾಡುಪ್ರಾಣಿ ಮಾತ್ರ ಖಾಸಗಿಯದಲ್ಲ. ರಾಜ್ಯದ ಗಡಿಯೊಳಗಿನ ಕಾಡುಪ್ರಾಣಿಗಳೆಲ್ಲವೂ ರಾಜ್ಯದ ಜನರ ಆಸ್ತಿ ಎಂದು ಅಲ್ಲಿನ ಉದ್ಯಾನ ಮತ್ತು ವನ್ಯಜೀವಿ ಸಂಹಿತೆ ಹೇಳುತ್ತದೆ. ಅದೇ ಸಂಹಿತೆಯ ಕಲಂ 1.013 ಬೇಲಿಗೆ ಸಂಬಂಧಪಟ್ಟದ್ದು. ಜಮೀನಿನ ಒಡೆಯ ಎಷ್ಟೆತ್ತರದ ಬೇಲಿಯನ್ನಾದರೂ ಹಾಕಿಕೊಳ್ಳಬಹುದು. ಅದರಿಂದ ಪ್ರಾಣಿಗಳ ಓಡಾಟಕ್ಕೆ ತಡೆಯಾದರೆ ಅದಕ್ಕೆ ಅವನು ಹೊಣೆಗಾರನಲ್ಲ. ಬೇಲಿ ಎದ್ದಿತೆಂದು ಒಳಗಿನ ಪ್ರಾಣಿ ಅವನದಾಗುವುದೂ ಇಲ್ಲ. ಅದು ಜನರ ಆಸ್ತಿಯಾಗಿಯೇ ಉಳಿಯುತ್ತದೆ. ಈ ಮೂರೂ ಮಾತು ಒಂದೇ ಕಲಮಿನಲ್ಲಿವೆ! ಜಿಂಕೆ ಸಾಕಣೆದಾರರು ತಮ್ಮ ದೊಡ್ಡಿಯ ಜಿಂಕೆಗಳಾದರೂ ತಮ್ಮವೇ ಎಂದು ನ್ಯಾಯಾಲಯಕ್ಕೆ ಹೋದಾಗ, 2019ರಲ್ಲಿ ರಾಜಧಾನಿ ಆಸ್ಟಿನ್‌ನ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಕಿವಿಗೆ ಗುರುತಿನ ಬಿಲ್ಲೆ ಹೊಡೆದು, ಲೆಕ್ಕ ಇಟ್ಟು, ಮೇವು ಹಾಕಿ ಸಾಕಿದ ಜಿಂಕೆಯೂ ಜನರದ್ದೇ ಎಂದಾಯಿತು.

ಕಾಗದದ ಮೇಲೆ ಹಾಗೆ. ನೆಲದ ಮೇಲೆ, 8 ಅಡಿ ಬೇಲಿ ನಾಲ್ಕೂ ಕಡೆ ಮುಚ್ಚಿದ ದಿನ ಒಳಗಿದ್ದ ಜಿಂಕೆಗಳನ್ನು ಹೊಡೆಯಲು ಯಾರಿಗೆ ಬಿಡಬೇಕು, ಅದಕ್ಕೆ ಎಷ್ಟು ಹಣ ಪಡೆಯಬೇಕು ಎಂದು ತೀರ್ಮಾನಿಸುವವನು ಒಬ್ಬನೇ.

ನೆರೆಯವನಿಗೆ ಆಗುವ ನಷ್ಟವನ್ನು ಜಿಂಕೆಯ ನಡವಳಿಕೆಯಿಂದಲೇ ಅಳೆಯಬೇಕು. ಬಲಿತ ಗಂಡು ಜಿಂಕೆ ಸಾಮಾನ್ಯವಾಗಿ ಒಂದೆರಡು ಚದರ ಮೈಲಿಯಲ್ಲಿ ಓಡಾಡಿಕೊಂಡಿರುತ್ತದೆ. ಬೆದೆಯ ಕಾಲದಲ್ಲಿ ಇನ್ನೂ ದೂರ ಹೋಗುತ್ತದೆ. ಚದರ ಮೈಲಿ ಎಂದರೆ 640 ಎಕರೆ. ನೂರು ಎಕರೆಯವನ ಜಮೀನು ಒಂದು ಗಂಡು ಜಿಂಕೆಯ ಸೀಮೆಯ ಆರನೇ ಒಂದು ಭಾಗವೂ ಆಗುವುದಿಲ್ಲ. ಹಾಗಾಗಿ ಅವನಿಗೆ ‘ನನ್ನ ಜಿಂಕೆ’ ಎಂಬುದು ಇಲ್ಲವೇ ಇಲ್ಲ. ಹಳ್ಳದ ಗುಂಟ ಬರುವುದು, ಓಕ್ ಕಾಯಿ ಉದುರುವ ಕಾಲಕ್ಕೆ ಬರುವುದು, ಹೆಣ್ಣಿನ ಜಾಡು ಹಿಡಿದು ಬರುವುದು, ಇಷ್ಟೇ ಅವನ ಪಾಲು. ಅದಲ್ಲದೆ, ಒಂದೂವರೆ ವರ್ಷದ ಗಂಡುಗಳಲ್ಲಿ ಅರ್ಧದಷ್ಟೋ ಅದಕ್ಕೂ ಹೆಚ್ಚೋ ಹುಟ್ಟಿದ ಜಾಗ ಬಿಟ್ಟು ಮೈಲಿಗಟ್ಟಲೆ ದೂರ ಹೋಗಿ ನೆಲೆಸುತ್ತವೆ. ಒಂದು ಊರಿನ ಜಿಂಕೆಯ ರಕ್ತ ಇನ್ನೊಂದು ಊರಿಗೆ ಸೇರುವುದು ಈ ಎಳೆಯ ಗಂಡುಗಳಿಂದ. ಎತ್ತರದ ಬೇಲಿ ತಡೆಯುವುದು ಮೊದಲು ಇವನ್ನೇ.

ಒಂದು ಮಗ್ಗುಲಲ್ಲಿ ಮಾತ್ರ ಬೇಲಿ ಎದ್ದರೆ ನೆರೆಯವನ ನೆಲದಲ್ಲಿ ಬೇಟೆ ನಿಂತುಹೋಗುವುದಿಲ್ಲ. ಅವನಲ್ಲಿ ಮೇವು, ಮರೆ, ನೀರು ಚೆನ್ನಾಗಿದ್ದರೆ ಉಳಿದ ಮೂರು ದಿಕ್ಕಿನಿಂದ ಜಿಂಕೆ ಬರುತ್ತದೆ. ಕೆಲವೊಮ್ಮೆ ಬೇಲಿಗುಂಟ ಸಾಗುವ ಜಿಂಕೆ ಅವನ ಅಟ್ಟಣೆಯ ಮುಂದೆಯೇ ಹಾಯುವುದೂ ಉಂಟು. ಎರಡನೆಯ, ಮೂರನೆಯ ನೆರೆಯವನೂ ಬೇಲಿ ಎತ್ತಿದಾಗ ಕಥೆ ಬೇರೆ. ಆಗ ಆ ಜಮೀನು ಒಂದೇ ಬಾಯಿರುವ ಕೋಣೆಯಾಗುತ್ತದೆ. ಗುತ್ತಿಗೆಗೆ ಬರುತ್ತಿದ್ದವರು ಬೇರೆ ಕಡೆ ನೋಡುತ್ತಾರೆ. ಆ ಹಣದಿಂದ ಜಮೀನಿನ ತೆರಿಗೆ ಕಟ್ಟುತ್ತಿದ್ದವನು ಜಮೀನನ್ನೇ ಮಾರುವ ಯೋಚನೆಗೆ ಬೀಳುತ್ತಾನೆ. ಇನ್ನು ಗಾಯಗೊಂಡ ಜಿಂಕೆ ಹಳೆಯ ತಗ್ಗು ಬೇಲಿಯನ್ನು ಹಾರಿ ಆಚೆ ಬಿದ್ದರೆ ಮನೆ ಬಾಗಿಲಿಗೆ ಹೋಗಿ ಕೇಳಿ ಎತ್ತಿ ತರುವ ರೂಢಿಯಿತ್ತು. ಅಪ್ಪಣೆಯಿಲ್ಲದೆ ಕಾಲಿಡುವುದು ಆಗಲೂ ತಪ್ಪೇ. ಎಂಟಡಿ ಬೇಲಿಯ ರ‍್ಯಾಂಚುಗಳಲ್ಲಿ ಎಷ್ಟೋ ಕಡೆ ಒಡೆಯ ಊರಲ್ಲೇ ಇರುವುದಿಲ್ಲ. ಗೇಟಿಗೆ ಸಂಖ್ಯೆಯ ಬೀಗ. ಕೇಳುವುದಾದರೂ ಯಾರನ್ನು?

ಬೇಲಿ ಹಾಕಿದವನ ಮಾತಿನಲ್ಲೂ ಹುರುಳಿದೆ. ಗಂಡು ಜಿಂಕೆಯ ಕವಲುಕೊಂಬು ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುತ್ತದೆ. ಅದು ಪೂರ್ತಿ ತುಂಬಿಕೊಳ್ಳಲು ಐದಾರು ವರ್ಷ ವಯಸ್ಸಾಗಬೇಕು. ಅಷ್ಟು ದಿನ ಹೊಡೆಯದೆ ಬಿಟ್ಟು, ಕಾಳು ಹಾಕಿ ಕಾಯ್ದ ಜಿಂಕೆ ಎರಡನೆಯ ವರ್ಷದಲ್ಲೇ ಬೇಲಿ ದಾಟಿ, ಗಡಿಗೆ ಅಂಟಿಸಿ ಕಟ್ಟಿದ ಅಟ್ಟಣೆಯಿಂದ ಹಾರಿದ ಗುಂಡಿಗೆ ಬಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಗಡಿಗೆ ಅಂಟಿಸಿ ಅಟ್ಟಣೆ ಕಟ್ಟುವುದು, ಟೈಮರ್ ಇಟ್ಟ ಫೀಡರಿನಿಂದ ಮೆಕ್ಕೆಜೋಳ ಚೆಲ್ಲಿ ಪಕ್ಕದ ಜಿಂಕೆಯನ್ನು ಸೆಳೆಯುವುದು ಟೆಕ್ಸಸ್‌ನ ಸಣ್ಣ ಜಮೀನುಗಳಲ್ಲಿ ಹೊಸದಲ್ಲ. ಮಕ್ಕಳು ಮೊಮ್ಮಕ್ಕಳಿಗೆ ಪಾಲಾಗುತ್ತ ಜಮೀನು ಸಣ್ಣದಾದಷ್ಟೂ ಅಟ್ಟಣೆಗಳು ಹೆಚ್ಚುತ್ತವೆ, ಅಟ್ಟಣೆ ಹೆಚ್ಚಿದಷ್ಟೂ ದೊಡ್ಡವನಿಗೆ ಬೇಲಿ ಎತ್ತರಿಸುವ ಆಸೆ ಬಲಿಯುತ್ತದೆ.

ಆದರೆ ‘ನಾನು ಸಾಕಿದೆ’ ಎಂಬ ಮಾತು ಪೂರ್ತಿ ನಿಜವಲ್ಲ, ಅದನ್ನು ಗಟ್ಟಿಯಾಗಿಯೇ ಹೇಳಬೇಕು. 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಸುಮಾರು 5 ಲಕ್ಷಕ್ಕೆ ಇಳಿದಿತ್ತೆಂಬ ಅಂದಾಜಿದೆ. ಚರ್ಮಕ್ಕೆಂದು, ಮಾಂಸಕ್ಕೆಂದು ಪೇಟೆಗೆ ಮಾರುವವರು ಹೊಡೆದದ್ದಕ್ಕೆ ಲೆಕ್ಕವಿರಲಿಲ್ಲ. ಈಗ ಅದು 3 ಕೋಟಿಯ ಆಸುಪಾಸು. ಟೆಕ್ಸಸ್ ಒಂದರಲ್ಲೇ 50 ಲಕ್ಷದಷ್ಟು. ಈ ಏರಿಕೆಗೆ ಹಣ ಬಂದದ್ದು ಬೇಟೆಗಾರರ ಲೈಸೆನ್ಸಿನಿಂದ, ಜೊತೆಗೆ 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು, ಕಾರ್ತೂಸುಗಳ ಮೇಲೆ ವಿಧಿಸಿದ ತೆರಿಗೆಯಿಂದ. ಉದ್ದ ನಳಿಗೆಯ ಬಂದೂಕಿಗೆ ಆ ತೆರಿಗೆ ಶೇಕಡ 11. ಜಿಂಕೆ ಇದ್ದ ಕಡೆಯಿಂದ ಹಿಡಿದು ಇಲ್ಲದ ಕಡೆಗೆ ಲಾರಿಯಲ್ಲಿ ಸಾಗಿಸಿ ಬಿಟ್ಟವರು ಸರ್ಕಾರದ ನೌಕರರು.

ದಕ್ಷಿಣ ಟೆಕ್ಸಸ್‌ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಪಕಾರ ಒಂದು ನೊಣದ ನಿರ್ಮೂಲನೆಯಿಂದ ಆಯಿತು. ಸ್ಕ್ರೂವರ್ಮ್ ಎಂಬ ನೊಣ ಆಗಷ್ಟೇ ಹುಟ್ಟಿದ ಮರಿಯ ಹಸಿ ಹೊಕ್ಕುಳಲ್ಲಿ ಮೊಟ್ಟೆ ಇಡುತ್ತದೆ. ಹುಳುಗಳು ಮರಿಯ ಜೀವಂತ ಮಾಂಸವನ್ನೇ ತಿನ್ನುತ್ತವೆ. ವರ್ಷ ವರ್ಷವೂ ಅಸಂಖ್ಯ ಜಿಂಕೆ ಮರಿಗಳು ಹಾಗೆ ಸಾಯುತ್ತಿದ್ದವು. ವಿಕಿರಣದಿಂದ ಬರಡು ಮಾಡಿದ ಗಂಡು ನೊಣಗಳನ್ನು ಕೋಟಿಗಟ್ಟಲೆ ಬಿಟ್ಟು ಸಂತತಿಯನ್ನೇ ಅಳಿಸುವ ಕೀಟವಿಜ್ಞಾನಿ ಎಡ್ವರ್ಡ್ ನಿಪ್ಲಿಂಗ್ ಅವರ ಉಪಾಯಕ್ಕಾಗಿ 1962ರಲ್ಲಿ ಟೆಕ್ಸಸ್‌ನ ಮಿಶನ್ ಊರಿನಲ್ಲಿ ನೊಣ ಬೆಳೆಸುವ ಕಾರ್ಖಾನೆ ಶುರುವಾಯಿತು. 1982ರ ಹೊತ್ತಿಗೆ ರಾಜ್ಯ ಆ ಪಿಡುಗಿನಿಂದ ಬಿಡುಗಡೆ ಪಡೆಯಿತು, ಜಿಂಕೆಗಳ ಸಂಖ್ಯೆ ನೆಗೆಯಿತು. ಎಂಟಡಿ ಬೇಲಿಯೊಳಗೆ ಇವತ್ತು ನಿಂತಿರುವ ಜಿಂಕೆಯ ಹಿಂದೆ ಇಷ್ಟು ಜನರ ದುಡ್ಡಿದೆ. ಹೊರಗೆ ನಿಂತ ನೆರೆಯವನದೂ ಇದೆ.

ಟೆಕ್ಸಸ್‌ನಲ್ಲಿ ಬೇಲಿಯ ಜಗಳಕ್ಕೆ ಹಳೆಯ ನೆನಪುಗಳಿವೆ. ಜೋಸೆಫ್ ಗ್ಲಿಡನ್‌ಗೆ 1874ರಲ್ಲಿ ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು. ಮುಂದಿನ ಕೆಲವೇ ವರ್ಷಗಳಲ್ಲಿ ದೊಡ್ಡ ದನಗಾರರು ತಮ್ಮ ನೆಲಕ್ಕೂ, ಎಷ್ಟೋ ಕಡೆ ತಮ್ಮದಲ್ಲದ ನೆಲಕ್ಕೂ, ನೀರಿನ ದಾರಿಗೂ ತಂತಿ ಸುತ್ತಿದರು. 1883ರ ಬರಗಾಲದಲ್ಲಿ ನೀರಿಲ್ಲದ ಸಣ್ಣ ದನಗಾರರು ರಾತ್ರೋರಾತ್ರಿ ಬೇಲಿ ಕತ್ತರಿಸತೊಡಗಿದರು, ಹೆಣಗಳೂ ಬಿದ್ದವು. 1884ರಲ್ಲಿ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಬೇಲಿ ಕತ್ತರಿಸುವುದನ್ನು ಸೆರೆವಾಸದ ಅಪರಾಧವೆಂದು ಸಾರಿತು. ಆ ಶಾಸನ ಇನ್ನೊಂದು ಕೆಲಸವನ್ನೂ ಮಾಡಿತು: ತಮ್ಮದಲ್ಲದ ನೆಲಕ್ಕೆ ಹಾಕಿದ ಬೇಲಿಯನ್ನು ಕೀಳಬೇಕು, ಸಾರ್ವಜನಿಕ ರಸ್ತೆಗೆ ಅಡ್ಡ ಬಂದ ಬೇಲಿಗೆ ಮೂರು ಮೈಲಿಗೊಂದು ಗೇಟು ಇಡಬೇಕು. ಬೇಲಿ ಹಾಕುವವನಿಗೆ ಹಕ್ಕನ್ನೂ ಕೊಟ್ಟು, ಅವನ ಕೈಯಿಂದಲೇ ದಾರಿಯನ್ನೂ ಬಿಡಿಸಿದ ಶಾಸನ ಅದು. ಕಲಂ 1.013ರಲ್ಲಿ ಹಕ್ಕು ಇದೆ, ಗೇಟಿನ ಮಾತಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮಧ್ಯಯುಗದ ಇಂಗ್ಲೆಂಡಿನ ಜಿಂಕೆವನಗಳು ಸಿಗುತ್ತವೆ. ಅಲ್ಲಿನ ಸಾಮಂತರು ಬೇಲಿಯ ನಡುವೆ ಡಿಯರ್ ಲೀಪ್ ಎಂಬ ಏರ್ಪಾಡು ಮಾಡುತ್ತಿದ್ದರು. ಬೇಲಿಯ ಒಳಬದಿಗೆ ಆಳದ ಕಂದಕ, ಹೊರಬದಿಗೆ ಎತ್ತರಿಸಿದ ನೆಲ. ಹೊರಗಿನ ಜಿಂಕೆ ಸುಲಭವಾಗಿ ಒಳಗೆ ನೆಗೆಯಬಹುದು, ಮತ್ತೆ ಹೊರಗೆ ಬರಲಾಗದು. ಹಾಗೆ ಒಳಬಂದದ್ದು ದೊರೆಯ ಜಿಂಕೆ ಆಗಿರುವ ಸಾಧ್ಯತೆಯಿದ್ದುದರಿಂದ ಅದಕ್ಕೆ ಅರಸನ ಪರವಾನಗಿ ಬೇಕಿತ್ತು. ಜಿಂಕೆ ಕೊಂದವನ ಪ್ರಾಣವನ್ನಾಗಲೀ ಅಂಗವನ್ನಾಗಲೀ ತೆಗೆಯಕೂಡದೆಂದು 1217ರ ಅರಣ್ಯ ಸನ್ನದು ಹೇಳಿತು. ಐನೂರು ವರ್ಷಗಳ ಮೇಲೆ, 1723ರ ಬ್ಲ್ಯಾಕ್ ಆಕ್ಟ್ ಮುಖಕ್ಕೆ ಮಸಿ ಬಳಿದುಕೊಂಡು ಆಯುಧ ಹಿಡಿದು ಜಿಂಕೆವನಕ್ಕೆ ನುಗ್ಗಿದವರಿಗೆ ಗಲ್ಲು ವಿಧಿಸಿತು. ಜಿಂಕೆ ಎಲ್ಲರದು ಎಂಬ ತತ್ವಕ್ಕೆ ಅಮೆರಿಕದವರು ಇಷ್ಟು ಬಿಗಿಯಾಗಿ ಅಂಟಿಕೊಂಡಿರುವುದರ ಹಿಂದೆ ಈ ಚರಿತ್ರೆಯ ನೋವಿದೆ.

ಕರ್ನಾಟಕಕ್ಕೂ ಈ ಬೇಲಿಗೂ ಒಂದು ನಿಜವಾದ ನಂಟಿದೆ. ಬಂಡೀಪುರದ ಚುಕ್ಕೆಜಿಂಕೆ, ರಾಣೆಬೆನ್ನೂರಿನ ಕೃಷ್ಣಮೃಗಗಳ ಜಾತಿಬಂಧುಗಳನ್ನು 1930ರ ದಶಕದಲ್ಲಿ ಟೆಕ್ಸಸ್‌ಗೆ ಒಯ್ದು ಬಿಟ್ಟರು. ಇಂಥ ಹೊರನಾಡ ಪ್ರಾಣಿಗಳನ್ನು ಹಿಡಿದಿಡುವುದೂ ಅಲ್ಲಿ ಎತ್ತರದ ಬೇಲಿಗಳು ಹೆಚ್ಚಲು ಒಂದು ಕಾರಣ. ಇಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಪಡೆದ ಕೃಷ್ಣಮೃಗಕ್ಕೆ ಅಲ್ಲಿ ಹಂಗಾಮಿನ ಕಟ್ಟಳೆಯೂ ಇಲ್ಲ, ಇಂತಿಷ್ಟೇ ಎಂಬ ಮಿತಿಯೂ ಇಲ್ಲ. ಒಡೆಯ ಒಪ್ಪಿದರೆ ಲೈಸೆನ್ಸ್ ಇದ್ದವನು ವರ್ಷವಿಡೀ ಹೊಡೆಯಬಹುದು.

ನೆರೆಯವನ ಪಾಲಿಗೆ ಈಚೆಗೆ ಬಂದಿರುವ ದೊಡ್ಡ ಹೆದರಿಕೆ ರೋಗದ್ದು. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೊದ ಸಂಶೋಧನಾ ಕೇಂದ್ರವೊಂದರ ದೊಡ್ಡಿಯ ಜಿಂಕೆಗಳಲ್ಲಿ. ಮಡಿಕೆ ತಪ್ಪಿದ ಪ್ರೋಟೀನು, ಅಂದರೆ ಪ್ರಿಯಾನ್, ಅದಕ್ಕೆ ಕಾರಣ. ಔಷಧಿಯಿಲ್ಲ, ಲಸಿಕೆಯಿಲ್ಲ, ಮಣ್ಣಿಗೆ ಸೇರಿದ ಪ್ರಿಯಾನ್ ವರ್ಷಗಟ್ಟಲೆ ಉಳಿಯುತ್ತದೆ. ಟೆಕ್ಸಸ್‌ನಲ್ಲಿ 2012ರಲ್ಲಿ ಪಶ್ಚಿಮದ ಹ್ಯೂಕೊ ಬೆಟ್ಟಗಳ ಕಾಡುಜಿಂಕೆಗಳಲ್ಲಿ, 2015ರಲ್ಲಿ ಮೆಡೀನಾ ಕೌಂಟಿಯ ಸಾಕಣೆ ಕೇಂದ್ರವೊಂದರಲ್ಲಿ ಅದು ಕಾಣಿಸಿಕೊಂಡಿತು. ಬೇಲಿ ರೋಗವನ್ನು ಒಳಗೇ ಹಿಡಿದಿಡುತ್ತದೆಂದು ಸಾಕಣೆದಾರರು ವಾದಿಸುತ್ತಾರೆ. ಆದರೆ ಒಂಟಿ ತಂತಿಬಲೆಯ ಎರಡೂ ಬದಿಯ ಜಿಂಕೆಗಳು ಮೂತಿಗೆ ಮೂತಿ ತಾಗಿಸುತ್ತವೆ. ಮಳೆಗಾಲದ ಹಳ್ಳ ಬೇಲಿಯ ತುಂಡನ್ನು ಕೊಚ್ಚಿಕೊಂಡು ಹೋಗುತ್ತದೆ, ಕಾಡುಹಂದಿ ಅಡಿಯಲ್ಲಿ ಬಗೆಯುತ್ತದೆ. ಸಾಕಿದ ಜಿಂಕೆಯನ್ನು ಟ್ರೇಲರಿನಲ್ಲಿ ಹೇರಿ ನೂರಾರು ಮೈಲಿ ದೂರದ ರ‍್ಯಾಂಚಿಗೆ ಒಯ್ದರೆ ರೋಗವೂ ಜೊತೆಗೆ ಹೋಗುತ್ತದೆ. ಆಮೇಲೆ ಸುತ್ತಲ ಸೀಮೆಯನ್ನು ರೋಗವಲಯವೆಂದು ಘೋಷಿಸಿದಾಗ, ಹೊಡೆದ ಜಿಂಕೆಯ ತಲೆಯನ್ನು ತಪಾಸಣಾ ಕೇಂದ್ರಕ್ಕೆ ಹೊರುವ ಪಾಡು ನೆರೆಯ ಬೇಟೆಗಾರನ ಹೆಗಲಿಗೂ ಬಿತ್ತು. ಮೊಂಟಾನಾದ ಸಾಕಣೆಯ ಎಲ್ಕ್ ಜಿಂಕೆಗಳಲ್ಲಿ 1999ರಲ್ಲಿ ಈ ರೋಗ ಕಂಡುಬಂತು. ಮರುವರ್ಷವೇ ಅಲ್ಲಿನ ಮತದಾರರು ಐ-143 ಎಂಬ ಜನಮತದ ಮೂಲಕ ಹೊಸ ಜಿಂಕೆ ಫಾರಂಗಳನ್ನೂ ಹಣಕ್ಕೆ ಬೇಲಿಯೊಳಗೆ ಹೊಡೆಸುವುದನ್ನೂ ನಿಲ್ಲಿಸಿದರು. ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಬೇಟೆಗಾರರೇ ಬಹಳ. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬು, ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ಹೊಡೆದ ಕೊಂಬನ್ನು ಎಷ್ಟೇ ದೊಡ್ಡದಿದ್ದರೂ ತನ್ನ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ.

ಟೆಕ್ಸಸ್‌ನಲ್ಲಿ ಅಂಥ ನಿಷೇಧ ಬರುವ ಲಕ್ಷಣವಿಲ್ಲ, ಬರಬೇಕೆಂಬುದು ಈ ಉಪನ್ಯಾಸದ ವಾದವೂ ಅಲ್ಲ. ಅಲ್ಲಿಯೇ ಹುಟ್ಟಿದ ಬೇರೆ ದಾರಿಯೊಂದಿದೆ. ಸಣ್ಣ ಜಮೀನಿನವರು ಹತ್ತಿಪ್ಪತ್ತು ಮಂದಿ ಸೇರಿ ವನ್ಯಜೀವಿ ನಿರ್ವಹಣಾ ಸಂಘ ಮಾಡಿಕೊಳ್ಳುತ್ತಾರೆ. ರಾಜ್ಯದ ವನ್ಯಜೀವಿ ತಜ್ಞರನ್ನು ಕರೆಸಿ, ರಾತ್ರಿ ದೀಪ ಹಿಡಿದು ಜಿಂಕೆ ಎಣಿಸುತ್ತಾರೆ. ಎಳೆಯ ಗಂಡನ್ನು ಯಾರೂ ಹೊಡೆಯಬಾರದು, ಹೆಣ್ಣು ಎಷ್ಟು ಹೊಡೆಯಬೇಕು ಎಂದು ಮಾತಾಡಿಕೊಳ್ಳುತ್ತಾರೆ. ನೂರು ಎಕರೆಯವನಿಗೆ ಹೀಗೆ ಸಾವಿರಾರು ಎಕರೆಯ ಜಿಂಕೆ ಸಿಗುತ್ತದೆ, ದೊಡ್ಡವನಿಗೆ ಬೇಲಿಯ ಖರ್ಚು ಉಳಿಯುತ್ತದೆ. ದೊಡ್ಡವನೂ ಈ ಸಂಘಕ್ಕೆ ಬಂದ ಕಡೆ ಎದೆಮಟ್ಟದ ಬೇಲಿಯೇ ಸಾಕಾಗುತ್ತದೆ.

ಬರಲೊಲ್ಲದವನು ಬೇಲಿ ಎತ್ತಲಿ. ಆದರೆ ಎತ್ತುವ ಮುನ್ನ ಒಂದು ಹಂಗಾಮಿನಷ್ಟು ಮೊದಲೇ ನೆರೆಯವರಿಗೆ ತಿಳಿಸಲಿ. ಕೊನೆಯ ಮಗ್ಗುಲು ಮುಚ್ಚುವ ಮೊದಲು ಒಳಗಿನ ಕಾಡುಜಿಂಕೆಗಳನ್ನು ಹೊರಗೆ ಅಟ್ಟಲಿ. ಮಿಶಿಗನ್‌ನಲ್ಲಿ ಜಿಂಕೆ ಸಾಕುವವರು ಹೀಗೆ ಮಾಡಲೇಬೇಕೆಂಬ ಕಟ್ಟಳೆ ಇದೆ. ಬೇಲಿ ಹಾಕುವ ಹಕ್ಕಿಗೆ ಕೈ ಹಚ್ಚದೆಯೇ ಈ ಎರಡು ಷರತ್ತುಗಳನ್ನು ಕಲಂ 1.013ಕ್ಕೆ ಸೇರಿಸುವುದು ಆಸ್ಟಿನ್‌ನ ಶಾಸನಸಭೆಗೆ ಸಾಧ್ಯವಿದೆ.