ಹಾಲಿನ ಲೆಕ್ಕ ಮತ್ತು ಕಂಪ್ಯೂಟರಿನ ಶರತ್ತು
(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಒಂದು ಸಂಘ ಇಪ್ಪತ್ತೈದು ವರ್ಷ ಬಾಳುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದಿಂದ ಹಿಡಿದು ಇವತ್ತಿನ ನಮ್ಮ ಡೇರಿಯವರೆಗೆ ಎಲ್ಲವೂ ನಿಂತಿರುವುದು ಲೆಕ್ಕ ಎಂಬ ಒಂದೇ ಕಂಬದ ಮೇಲೆ. ಅದು ಅಲ್ಲಾಡಿದರೆ ಸದಸ್ಯ ಕ್ಯಾನು ಹಿಡಿದು ಬೇರೆ ಬಾಗಿಲು ನೋಡುತ್ತಾನೆ.

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ. ಕೆ.ಆರ್. ಪೇಟೆ, ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಮಳೆಯನ್ನು ನಂಬಿದ್ದು. ಎರಡು ಕಡೆಯೂ ಉಪ್ಪು, ಎಣ್ಣೆ, ಮಕ್ಕಳ ಫೀಜು ನಡೆಯೋದು ಹಾಲಿನ ಬಟವಾಡೆಯಿಂದ. ಆದ್ದರಿಂದ ಹಾಲಿನ ಲೆಕ್ಕದಲ್ಲಿ ನಾವೇ ಮಾಡಿದ ಒಂದು ತಪ್ಪನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಒಂದು ವರ್ಷ ಬೋನಸ್ ಪಟ್ಟಿ ತಯಾರಾಗಿತ್ತು. ಒಬ್ಬ ತಾಯಿ ವರ್ಷದ ಚೀಟಿಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡು ಬಂದರು. "ನೋಡಪ್ಪ, ನಾನು ಓದಿದೋಳಲ್ಲ. ಆದ್ರೆ ನಾನು ಹಾಕಿದ ಹಾಲು ನಂಗೊತ್ತು. ಇದ್ರಲ್ಲಿ ಕಮ್ಮಿ ಐತೆ" ಅಂದರು. "ಅವ್ವ, ಕಂಪ್ಯೂಟರ್ ಹಾಕಿದ ಲೆಕ್ಕ ಇದು, ತಪ್ಪಾಗಲ್ಲ" ಅಂದುಬಿಟ್ಟೆ. ಆಯಮ್ಮ ಚೀಲ ಮೇಜಿನ ಮೇಲೆ ಸುರಿದರು. ರಾತ್ರಿ ಕೂತು ಕೂಡಿದೆವು. ಅವರ ಮಾತೇ ನಿಜವಾಯಿತು.

ಎಲ್ಲಿ ತಪ್ಪಿತ್ತು? ಬೋನಸ್ ಕೊಡುವುದು ಹಾಲಿನ ಬೆಲೆಯ ಮೇಲೆ. ಜಿಡ್ಡು, ಎಸ್.ಎನ್.ಎಫ್. ನೋಡಿ ಪ್ರತಿ ಹೊತ್ತಿಗೂ ದರ ಬೇರೆ. ನಾವು ಹಾಳೆಯಲ್ಲಿ ವರ್ಷದ ಲೀಟರನ್ನೆಲ್ಲ ಕೂಡಿ, ದರದ ಸರಾಸರಿ ತೆಗೆದು, ಎರಡನ್ನೂ ಗುಣಿಸಿದ್ದೆವು. ತಿಳಿಯಲಿಕ್ಕೆ ಒಂದು ಅಂಕಿ ಹಿಡಿಯೋಣ. ಒಬ್ಬರು ಒಂದು ಹೊತ್ತು 36 ರೂಪಾಯಿ ದರದಲ್ಲಿ 6 ಲೀಟರ್, ಇನ್ನೊಂದು ಹೊತ್ತು 32 ರೂಪಾಯಿ ದರದಲ್ಲಿ 2 ಲೀಟರ್ ಹಾಕಿದರು. 216ಕ್ಕೆ 64 ಕೂಡಿದರೆ 280 ರೂಪಾಯಿ. ಸರಾಸರಿ ಲೆಕ್ಕದಲ್ಲಿ 8 ಲೀಟರಿಗೆ 34ರಂತೆ 272. ಎಂಟು ರೂಪಾಯಿ ಖೋತಾ. ಪಕ್ಕದ ಮನೆಯವರು 32ರಂತೆ 6 ಲೀಟರ್, 36ರಂತೆ 2 ಲೀಟರ್ ಹಾಕಿದ್ದರೆ ಸಿಗಬೇಕಾದ್ದು 264, ಸಿಕ್ಕಿದ್ದು ಅದೇ 272. ಒಬ್ಬರ ಎಂಟು ರೂಪಾಯಿ ಇನ್ನೊಬ್ಬರ ಮನೆಗೆ ಹೋಯಿತು! ಇಬ್ಬರದನ್ನೂ ಕೂಡಿದರೆ ಮೊತ್ತ ಸರಿಯಾಗೇ ಕಾಣುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಬೀಳಲಿಲ್ಲ.

ಸರಿಯಾದ ದಾರಿ ಅಂದರೆ ಸಾಲು ಸಾಲಾಗಿ ಗುಣಿಸಿ ಆಮೇಲೆ ಕೂಡುವುದು. ಆದರೆ 150 ಸದಸ್ಯರು ಎರಡು ಹೊತ್ತೂ ಹಾಲು ಹಾಕಿದರೆ ವರ್ಷಕ್ಕೆ 1,09,500 ಸಾಲು. ಕೈಯಲ್ಲಿ ಆಗುವ ಕೆಲಸವಲ್ಲ. ಇದಕ್ಕೇ ಎಕ್ಸೆಲ್‌ನಲ್ಲಿ ಶರತ್ತಿನ ಅರೇ ಸೂತ್ರ ಅಂತ ಇದೆ.

ಅದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಸೂತ್ರದಲ್ಲಿ 'ಇಫ್' ಅಂದರೆ ತೂಬು. ಯಾವ ಗದ್ದೆಯ ಸರದಿಯೋ ಆ ತೂಬನ್ನು ಮಾತ್ರ ನೀರುಗಂಟಿ ಎತ್ತುತ್ತಾನೆ. ಹಾಗೆಯೇ 'ಸದಸ್ಯರ ಸಂಖ್ಯೆ 47 ಇದ್ದರೆ' ಎಂಬ ಶರತ್ತು ಹಾಕಿದರೆ ಆ ಸಂಖ್ಯೆಯ ಸಾಲು ಮಾತ್ರ ಒಳಗೆ ಹರಿಯುತ್ತದೆ. ಹರಿದ ಪ್ರತಿ ಸಾಲಿನ ಲೀಟರನ್ನೂ ಅದೇ ಸಾಲಿನ ದರದಿಂದ ಗುಣಿಸುತ್ತದೆ. ಕೊನೆಗೆ ಹೊರಗಿನ 'ಸಮ್' ಎಲ್ಲವನ್ನೂ ಕೂಡುತ್ತದೆ. ಬರೆದಾದ ಮೇಲೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದು ಎಂಟರ್ ಹೊಡೆಯಬೇಕು. ಆಗ ಸೂತ್ರದ ಎರಡು ತುದಿಗೂ ಹೂಬಳ್ಳಿಯಂಥ ಆವರಣ ತಾನಾಗಿ ಬರುತ್ತದೆ. ಅದನ್ನು ಕೈಯಲ್ಲಿ ಬರೆದರೆ ನಡೆಯದು. ಹಳೆ ಎಕ್ಸೆಲ್‌ನಲ್ಲಿ ಬರೀ ಎಂಟರ್ ಹೊಡೆದರೆ ತಪ್ಪು ಅಂಕಿ ಬರಬಹುದು. 2021ರ ಎಕ್ಸೆಲ್‌ನಲ್ಲಿ ಎಂಟರ್ ಒಂದೇ ಸಾಕು.

ಎರಡು ಶರತ್ತು ಬೇಕೆನ್ನಿ, ಸಂಖ್ಯೆ 47, ತಿಂಗಳು ಜೂನ್. ಇಲ್ಲಿ 'ಅಂಡ್' ಎಂದು ಬರೆದರೆ ಕೆಡುತ್ತದೆ. ಅದು ಎಲ್ಲ ಸಾಲಿಗೂ ಸೇರಿಸಿ ಒಂದೇ ಉತ್ತರ ಕೊಟ್ಟುಬಿಡುತ್ತದೆ. ಶರತ್ತು ಎರಡನ್ನೂ ಗುಣಿಸಬೇಕು. ಹೌದು ಅಂದರೆ ಒಂದು, ಇಲ್ಲ ಅಂದರೆ ಸೊನ್ನೆ. ಎರಡರಲ್ಲಿ ಯಾವುದು ಸೊನ್ನೆಯಾದರೂ ಆ ಸಾಲಿನ ತೂಬು ಮುಚ್ಚಿತು.

ಪ್ರತಿ ಸಾಲಿನ ಎದುರು ಮೊಬಲಗಿನ ಕಾಲಂ ಮೊದಲೇ ಇದ್ದರೆ ಇಷ್ಟು ಕಷ್ಟವೂ ಬೇಡ. 2007ರಿಂದ ಬಂದಿರುವ 'ಸಮ್‌ಇಫ್ಸ್' ಸಾಕು. ಈಗ ನಾವು ಎರಡು ರೀತಿಯಲ್ಲೂ ಲೆಕ್ಕ ಹಾಕಿ ತಾಳೆ ನೋಡುತ್ತೇವೆ.

ಇನ್ನೆರಡು ಎಚ್ಚರಿಕೆ. ಶರತ್ತಿಗೆ ಹೆಸರು ಹಾಕಬೇಡಿ, ಸಂಖ್ಯೆ ಹಾಕಿ. ನಮ್ಮೂರಲ್ಲಿ ಒಂದೇ ಹೆಸರಿನವರು ಮೂವರಿರುತ್ತಾರೆ, ಮೂವರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿದ್ದರೂ ಕಂಪ್ಯೂಟರಿಗೆ ಅದು ಬೇರೆ ಮನುಷ್ಯ. ಎರಡನೆಯದು, ಹಾಲು ಹಾಕಿದ ದಿನ ಎಣಿಸುವಾಗ ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು ಇರುತ್ತದೆ. ಸಾಲು ಎಣಿಸಿದರೆ ಒಂದು ದಿನ ಎರಡಾಗುತ್ತದೆ. ಇಂಥ ಎಣಿಕೆಯ ಮೇಲೆ ಯಾರ ಹಕ್ಕೂ ತೀರ್ಮಾನವಾಗಬಾರದು.

ಆ ವರ್ಷ ಹಣ ಹಂಚುವ ಮೊದಲೇ ಪಟ್ಟಿ ತಿದ್ದಿದೆವು. ಆ ತಾಯಿಯ ಮನೆಗೆ ಹೋಗಿ, "ಅವ್ವ, ತಪ್ಪು ನಮ್ಮದು" ಅಂದೆ. "ಕೇಳ್ದೆ ಇದ್ರೆ?" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಅವರು ಕೇಳಿದ್ದರಿಂದ ಕೇಳದೆ ಸುಮ್ಮನಿದ್ದವರ ದುಡ್ಡೂ ಉಳಿಯಿತು.

ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರುವ ಯೋಜನೆಗೆ 2022ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಯಂತ್ರ ಎಲ್ಲ ಕಡೆ ಬರುತ್ತದೆ, ಬರಲಿ. ಆದರೆ ಯಂತ್ರ ನಾವು ಹೇಳಿದ ಲೆಕ್ಕ ಮಾಡುತ್ತದೆ, ನ್ಯಾಯ ಹೇಳುವುದಿಲ್ಲ. ಶರತ್ತು ಬರೆಯುವವರು ನಾವು. ಆದ್ದರಿಂದ ನನ್ನ ವಿನಂತಿ ಇಷ್ಟೆ. ಚೀಟಿ ಒಲೆಗೆ ಹಾಕಬೇಡಿ, ವರ್ಷ ಪೂರ್ತಿ ಇಟ್ಟುಕೊಳ್ಳಿ. ಬೋನಸ್ ಪಟ್ಟಿಯನ್ನು ಹಣ ಹಂಚುವ ಮೊದಲು ಡೇರಿಯ ಗೋಡೆಗೆ ಹಾಕುತ್ತೇವೆ, ನಿಮ್ಮ ಸಂಖ್ಯೆ ನೋಡಿಕೊಳ್ಳಿ. ಅನುಮಾನ ಬಂದರೆ ನಾಚಿಕೆಯಿಲ್ಲದೆ ಕೇಳಿ. ಓದಿದ ನಿಮ್ಮ ಮಕ್ಕಳನ್ನೂ ಕರೆತನ್ನಿ, ಸೂತ್ರ ತೋರಿಸುತ್ತೇವೆ.

 ಜೈ ಸಹಕಾರ.